ಕ್ಯಾತಮ್ಮನ ಕುರಿಗೆ ಕ್ಯಾತಮ್ಮನದೇ ಗುರುತು

ಬುಕ್ಕಾಪಟ್ಟಣದಿಂದ ಒಳಕ್ಕೆ ಹೋಗುವ ಮಣ್ಣುರಸ್ತೆ ಮುಗಿಯುವಲ್ಲಿ ಒಂದು ಗೊಲ್ಲರಹಟ್ಟಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಳ್ಳುಬೇಲಿಯ ರೊಪ್ಪದೊಳಗೆ, ಕುರಿಗಳ ನಡುವೆ ಕ್ಯಾತಮ್ಮ ಕೂತಿದ್ದಾರೆ. ಎರಡೂ ಮಂಡಿ ಊದಿಕೊಂಡಿವೆ, ನಿಂತು ಕೆಲಸ ಮಾಡಲು ಆಗುವುದಿಲ್ಲ. ಕೂತಲ್ಲಿಂದಲೇ ಸರಿಯುತ್ತಾ ಹಿಕ್ಕೆ ಗುಡಿಸುತ್ತಾರೆ, ಗೂಡಿನಲ್ಲಿ ಕೂಡಿದ್ದ ಮರಿಗಳನ್ನು ಒಂದೊಂದಾಗಿ ಬಿಟ್ಟು ತಾಯಿಯ ಕೆಚ್ಚಲಿಗೆ ಹಚ್ಚುತ್ತಾರೆ. ಚೊಚ್ಚಲು ಈದ ಕುರಿಯೊಂದು ತನ್ನ ಮರಿಯನ್ನೇ ಒದೆಯುತ್ತಿದೆ. ಅದರ ಹಿಂಗಾಲನ್ನು ಕಂಕುಳಲ್ಲಿ ಅಮುಕಿ ಹಿಡಿದು ಮರಿಯ ಬಾಯಿಗೆ ಮೊಲೆ ಇಡುತ್ತಾರೆ.

"ಒದೀತೀಯೇನೇ ಮೂದೇವಿ? ಹೆತ್ತೋಳು ನೀನು. ಹಾಲು ಯಾರು ಕೊಡ್ಬೇಕು, ಪಂಚಾಯ್ತಿಯೋರಾ?"

ಅರವತ್ತೈದು ದಾಟಿರುವ ಕ್ಯಾತಮ್ಮ ಇವತ್ತು ನಿವೃತ್ತರಾಗುತ್ತಿದ್ದಾರೆ. ನಗಬೇಡಿ. ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೈಗಿಟ್ಟು ಕಳಿಸಿದರೆ ಮಾತ್ರ ನಿವೃತ್ತಿ ಎಂದು ಯಾರು ಹೇಳಿದರು? ಬುದ್ಧಿ ಬಂದಾಗಿನಿಂದ ಈ ಕುರುಚಲು ಕಾಡಿನಲ್ಲಿ ಕುರಿಯ ಹಿಂದೆ ನಡೆದ ಹೆಂಗಸಿಗೆ ಇನ್ನು ನಡೆಯಲು ಆಗುವುದಿಲ್ಲ, ಅಷ್ಟೆ. ನಡೆಯಲಾಗದ ಮೇಲೆ ಹೊಟ್ಟೆಗೇನು ಎಂದು ಆಕೆ ತಾನೇ ಯೋಚಿಸಿ ಒಂದು ದಾರಿ ಮಾಡಿಕೊಂಡಿದ್ದಾರೆ. ಆ ತಪ್ಪಿಗೆ ಇಡೀ ಹಟ್ಟಿ ಆಕೆಯ ಮೇಲೆ ಹಲ್ಲು ಮಸೆಯುತ್ತಿದೆ. ಈ ಬರಹ ಸಿಟ್ಟಿನಲ್ಲಿ ಬರೆದದ್ದು, ಮೊದಲೇ ಹೇಳಿಬಿಡುತ್ತೇನೆ.

ಕುರಿ ಎಷ್ಟಿವೆ ಎಂದು ಕೇಳಿದೆ. ಪತ್ರಿಕೆಗೆ ಅಂಕಿಸಂಖ್ಯೆ ಬೇಕಲ್ಲ.

"ಕುರಿ ಎಣಿಸಿ ಬಾಯಲ್ಲಿ ಹೇಳಬಾರದು ಕಣಮ್ಮ. ಕಣ್ಣಾಗ್ತದೆ. ರೊಪ್ಪ ತುಂಬಿತ್ತು, ಈಗ ಅರ್ಧ ಖಾಲಿ ಆಗೈತೆ, ಅಷ್ಟು ಬರ್ಕೋ."

ಖಾಲಿಯಾದ ಆ ಅರ್ಧ ಎಲ್ಲಿಗೆ ಹೋಯಿತು ಎಂಬುದೇ ಹಟ್ಟಿಯ ಸಿಟ್ಟಿನ ಮೂಲ. ಅದು ತಿಳಿಯಬೇಕಾದರೆ ಕುರಿಯ ಕಿವಿ ನೋಡಬೇಕು. ಈ ಕಡೆ ಪ್ರತಿಯೊಂದು ಮನೆತನಕ್ಕೂ ಒಂದು ಗುರುತಿದೆ. ಮರಿಯ ಕಿವಿಯನ್ನು ಆ ಮನೆಯ ರೀತಿಯಲ್ಲೇ ಕತ್ತರಿಸುತ್ತಾರೆ. ಒಬ್ಬರದು ತುದಿ ಸೀಳು, ಇನ್ನೊಬ್ಬರದು ಅಂಚಿನಲ್ಲಿ ಕಚ್ಚು. ನಾಲ್ಕು ಮಂದೆ ಬೆರೆತರೂ ಕಿವಿ ನೋಡಿದರೆ ಯಾರ ಕುರಿ ಎಂದು ಗೊತ್ತಾಗುತ್ತದೆ. ಅಪ್ಪನ ಗುರುತು ಮಗನಿಗೆ ಬರುತ್ತದೆ. ಹೆಂಗಸಿಗೆ ಗುರುತಿಲ್ಲ. ಹಗಲೆಲ್ಲ ಮೇಯಿಸಬಹುದು, ರಾತ್ರಿಯೆಲ್ಲ ಕಾಯಬಹುದು, ತೋಳನ ಬಾಯಿಂದ ಮರಿ ಕಿತ್ತುಕೊಂಡು ಬರಬಹುದು, ಕಿವಿಯಲ್ಲಿರುವುದು ಮಾತ್ರ ಗಂಡನ ಗುರುತು, ಆಮೇಲೆ ಮಗನದು.

ಕ್ಯಾತಮ್ಮನ ಗಂಡ ಚಿತ್ತಯ್ಯ ಹಟ್ಟಿಗೆಲ್ಲ ಒಳ್ಳೆಯ ಮನುಷ್ಯ ಅನ್ನಿಸಿಕೊಂಡಿದ್ದವರು. ಮಗ ಚಿಕ್ಕರಾಜುವಿನ ಮದುವೆಯ ಮಾರನೆಯ ದಿನ ಹಟ್ಟಿಯವರ ಮುಂದೆ ಇಡೀ ಮಂದೆಯನ್ನು ಮಗನ ಕೈಗೆ ಒಪ್ಪಿಸಿದರು. ಒಂದೇ ಒಂದು ಕುರಿ ತನಗೆಂದು ಇಟ್ಟುಕೊಳ್ಳಲಿಲ್ಲ. "ಮಗ ಇರೋವಾಗ ನಂಗ್ಯಾಕೆ" ಎಂದರಂತೆ. ಎಲ್ಲರೂ ಭೇಷ್ ಅಂದರು. ಎರಡು ವರ್ಷಕ್ಕೆ ಚಿಕ್ಕರಾಜು ಕುರಿ ಮಾರಿ ಲಗೇಜ್ ಆಟೋ ತಂದ. ಆಗ ಭೇಷ್ ಅಂದವರು ಯಾರೂ ಬಾಯಿ ಬಿಡಲಿಲ್ಲ. ಚಿತ್ತಯ್ಯ ಆ ಕುರಿ ಕೊಂಡವರ ಮನೆಗೇ ಹೋಗಿ ಕೂಲಿಗೆ ಕುರಿ ಕಾಯಲು ನಿಂತರು. ತನ್ನದೇ ಕೈಯಿಂದ ಕತ್ತರಿಸಿದ ಕಿವಿಗಳ ಹಿಂದೆ, ಇನ್ನೊಬ್ಬರ ಆಳಾಗಿ, ಕಾಲು ಬಿದ್ದುಹೋಗುವ ತನಕ ನಡೆದರು. ಅವರು ತೀರಿಕೊಂಡು ಆರು ವರ್ಷವಾಯಿತು.

ಚಿಕ್ಕರಾಜು ಕೆಟ್ಟವನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಆಟೋ ಓಡಿಸಿ ಮಕ್ಕಳನ್ನು ಓದಿಸುತ್ತಿದ್ದಾನೆ. ನನಗೆ ಹೆಚ್ಚು ಸಿಟ್ಟು ತರಿಸುವುದು ಇದೇ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಅಪ್ಪ ಕೊಟ್ಟದ್ದನ್ನು ಮಾರಿದ, ಅದು ಅವನ ಹಕ್ಕು ಎಂದು ಎಲ್ಲರೂ ಒಪ್ಪಿದ್ದಾರೆ. ಮುಪ್ಪಿಗೆಂದು ಏನನ್ನೂ ಉಳಿಸಿಕೊಳ್ಳದೆ ಕೊಟ್ಟುಬಿಡುವುದೇ ದೊಡ್ಡಗುಣ ಎಂದು ಹೇಳಿಕೊಟ್ಟವರು ಯಾರು? ಅವರನ್ನು ಹಿಡಿದು ಕೇಳಬೇಕು.

ಗಂಡ ಕೂಲಿಗೆ ನಿಂತ ವರ್ಷವೇ ಕ್ಯಾತಮ್ಮ ಬುಕ್ಕಾಪಟ್ಟಣದ ನಾಗಲಿಂಗಯ್ಯನವರ ಮನೆ ಮುಂದೆ ಹೋಗಿ ನಿಂತರು. ನಾಗಲಿಂಗಯ್ಯ ಅಂಗಡಿ ಇಟ್ಟುಕೊಂಡಿರುವ ರೈತ. ಅವರಿಗೆ ಕುರಿ ಕೊಳ್ಳಲು ಹಣವಿತ್ತು, ಸಾಕಲು ಪುರುಸೊತ್ತಿರಲಿಲ್ಲ. ಅಂಥವರು ಹೆಣ್ಣುಕುರಿಗಳನ್ನು ಪಾಲಿಗೆ ಕೊಡುತ್ತಾರೆ. ಕುರಿ ಒಡೆಯನದು, ಸಾಕುವ ಕಷ್ಟ ಸಾಕಿದವರದು, ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಕ್ಯಾತಮ್ಮ ಹಾಗೆ ಕೆಲವು ಕುರಿ ಹೊಡೆದುಕೊಂಡು ಬಂದರು. ತಮ್ಮ ಪಾಲಿಗೆ ಮೊದಲ ಹೆಣ್ಣುಮರಿ ಬಂದ ದಿನ, ಕತ್ತರಿ ಹಿಡಿದು ಹಟ್ಟಿಯಲ್ಲಿ ಯಾರೂ ಹಾಕದ ಗುರುತೊಂದನ್ನು ಅದರ ಎಡಗಿವಿಗೆ ಹಾಕಿದರು, ಬುಡದ ಹತ್ತಿರ ಒಂದು ಕಚ್ಚು.

"ಮಗನ ಗುರುತು ಆಕವ್ವ ಅಂದ್ರು. ಅವ್ನ ಗುರುತು ಆಕಿದ್ರೆ ಅವ್ನ ಕುರಿ ಆಯ್ತದೆ. ನಾನು ಮೇಯ್ಸಿದ್ದು, ನಾನು ಬಾಣಂತನ ಮಾಡಿದ್ದು. ನಂದೇ ಆಕ್ದೆ. ಏನೀಗ?"

ಅಂದಿನಿಂದ ಆಕೆ ಒಂದು ನೇಮ ಬಿಟ್ಟಿಲ್ಲ. ಟಗರುಮರಿ ಮಾತ್ರ ಶಿರಾ ಸಂತೆಗೆ ಹೋಗುತ್ತದೆ, ಹೆಣ್ಣುಮರಿ ಹೋಗುವುದಿಲ್ಲ. ಮೊಮ್ಮಗಳ ಹೆಸರಿಡುವ ಶಾಸ್ತ್ರಕ್ಕೂ ಇಲ್ಲ, ಮಗನ ಆಟೋ ಕೆಟ್ಟು ನಿಂತಾಗಲೂ ಇಲ್ಲ. ಟಗರಿನ ದುಡ್ಡಲ್ಲಿ ಮನೆಗೆ ಕೊಟ್ಟು ಉಳಿದದ್ದು ಅಂಚೆ ಕಚೇರಿಗೆ, ಆಸ್ಪತ್ರೆ ಖರ್ಚಿಗೆಂದು. ಸರಕಾರದ ವಿಧವಾ ವೇತನ ಬರುತ್ತದೆ. "ಅದು ಎಲೆ ಅಡಿಕೆಗೆ ಸರಿಹೋಯ್ತದೆ, ಯಾವಾಗಾದ್ರೂ ಬಂದ್ರೆ" ಎನ್ನುತ್ತಾರೆ.

ಸಂತೆಯಲ್ಲಿ ಆಕೆಯ ಟಗರು ಒಳ್ಳೆ ಬೆಲೆಗೆ ಹೋಗುವುದನ್ನು ನೋಡಿದ ಯಾರೋ ಒಬ್ಬ ಪಾಲಿಸಿ ಏಜೆಂಟ್ ಒಮ್ಮೆ ಹಟ್ಟಿ ತನಕ ಬಂದಿದ್ದನಂತೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣದ ಕಾಗದ, ಅದರಲ್ಲಿ ಹಲ್ಲು ಕಿರಿಯುವ ಮುದುಕ ಮುದುಕಿ. ಮಂದೆ ಮಾರಿ ಒಂದೇ ಸಲ ಕಟ್ಟಿಬಿಡಿ ಅಜ್ಜಿ, ಕಡೆಗಾಲದಲ್ಲಿ ರಾಣಿಯ ಹಾಗಿರಬಹುದು ಎಂದ. ದುಡ್ಡು ಕೈಗೆ ಯಾವಾಗ ಬರುತ್ತದೆ ಎಂದು ಈಕೆ ಕೇಳಿದರು. ಎಂಬತ್ತು ತುಂಬಿದ ಮೇಲೆ ಎಂದ.

"ಎಂಬತ್ತಕ್ಕೆ ಕೊಡ್ತಾನಂತೆ! ಹೆಣದ ಮೇಲೆ ಚೆಲ್ಲಾಕಾ? ನಾಯಿ ಬುಟ್ಟೆ ನೋಡು, ಆ ಕಾಗ್ದನೂ ಬುಟ್ಟು ಓಡ್ದ."

ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ನನಗೆ ಮೈ ಉರಿಯಿತು. ಬರೆಯಲು ಬಾರದ ಮುದುಕಿಯ ಜೀವಮಾನದ ಗಳಿಕೆಯ ಮೇಲೆ ಕಣ್ಣು ಹಾಕಲು ಇಷ್ಟು ದೂರ ಬರುವ ಇವರಿಗೆ ನಾಚಿಕೆ ಅನ್ನುವುದೇ ಇಲ್ಲವೇ? ಆಕೆ ನಾಯಿ ಬಿಟ್ಟರು. ನಾಯಿ ಇಲ್ಲದ ಮನೆಗಳಲ್ಲಿ ಏನಾಗಿದೆಯೋ.

ಕಳೆದ ಬೇಸಿಗೆಯಲ್ಲಿ ಮಂಡಿ ಪೂರ್ತಿ ಕೈಕೊಟ್ಟಿತು. ಕ್ಯಾತಮ್ಮ ತಿಂಗಳುಗಟ್ಟಲೆ ಯೋಚಿಸಿ ತೀರ್ಮಾನಕ್ಕೆ ಬಂದರು. ಇಷ್ಟು ವರ್ಷ ಇನ್ನೊಬ್ಬರ ಕುರಿಯನ್ನು ಪಾಲಿಗೆ ಸಾಕಿದವರು ಇನ್ನು ತಮ್ಮ ಕುರಿಯನ್ನು ಪಾಲಿಗೆ ಕೊಡುತ್ತಾರೆ. ಮಾರುವುದಿಲ್ಲ, ಮಗನಿಗೆ ಒಪ್ಪಿಸುವುದೂ ಇಲ್ಲ. ಒಂದಷ್ಟು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹತ್ತಿರದ ಹಟ್ಟಿಗೆ, ಒಂದಷ್ಟು ಕೊರಟಗೆರೆ ಕಡೆಗೆ, ಉಳಿದವು ಪಾವಗಡದ ಬಲಸಮುದ್ರಕ್ಕೆ. ಅಷ್ಟು ದೂರ ದೂರ ಯಾಕೆ ಎಂದರೆ, ಒಂದು ಕಡೆ ರೋಗ ಬಿದ್ದರೆ ಇನ್ನೊಂದು ಕಡೆಯವಾದರೂ ಉಳಿಯಲಿ ಎಂದು.

ಮಿಡಿಗೇಶಿಯ ಆ ಹಟ್ಟಿಯಲ್ಲೇ ಮಗಳು ಯಶೋದ ಇದ್ದಾಳೆ. ಆದರೆ ಕುರಿ ಕೊಟ್ಟದ್ದು ಪಕ್ಕದ ಮನೆಗೆ. "ಮಗಳು ಮರಿ ಸತ್ತೋಯ್ತು ಕಣವ್ವ ಅಂದ್ರೆ ನಂಬ್ಬೇಕಾಯ್ತದೆ. ಬೇರೇರಾದ್ರೆ ಸತ್ತಿದ್ರ ಕಿವಿ ತೋರ್ಸಪ್ಪ ಅಂತೀನಿ. ಯಶೋದ ಒಂದು ಕಣ್ಣು ಇಟ್ಟಿರ್ತಾಳೆ, ಅಷ್ಟು ಸಾಕು."

ಮೊದಲ ಎರಡು ಗುಂಪು ಹೊರಟ ಸುದ್ದಿ ಹಬ್ಬುತ್ತಿದ್ದಂತೆ ಹೋದ ವಾರ ಹಟ್ಟಿಯ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ನಾನೂ ಹೋಗಿದ್ದೆ. ಗಂಡಸರೆಲ್ಲ ಕಟ್ಟೆಯ ಮೇಲೆ, ಮಂಡಿ ಮಡಿಸಲಾಗದ ಕ್ಯಾತಮ್ಮ ಕೆಳಗೆ ಮಣ್ಣಿನಲ್ಲಿ. ಹಿರಿಯ ಕಾಟಯ್ಯ ಶುರು ಮಾಡಿದರು.

"ಮಗ ಗಟ್ಟಿಮುಟ್ಟಾಗಿ ಇರೋವಾಗ ಕುರಿ ಬೇರೆ ರೊಪ್ಪಕ್ಕೆ ಹೋದ್ರೆ ಹಟ್ಟಿ ಮರ್ಯಾದೆ ಏನಾಯ್ತದೆ ಕ್ಯಾತಮ್ಮ? ತಾಯಿಗೆ ಅನ್ನ ಆಕಲ್ಲ ಅಂತ ಚಿಕ್ಕರಾಜುನ ಮುಖಕ್ಕೆ ಉಗೀತಾರೆ ಜನ."

"ಮಗ ಗಟ್ಟಿಮುಟ್ಟಾಗಿ ಇರೋವಾಗಲೇ ಅವರಪ್ಪ ಕಂಡೋರ ಕುರಿ ಕಾಯ್ಕಂಡು ಸತ್ತ. ಆವಾಗ ಎಲ್ಲೋಗಿತ್ತು ಕಾಟಣ್ಣ, ನಿಮ್ಮ ಹಟ್ಟಿ ಮರ್ಯಾದೆ? ಮೇಯಕ್ಕೋಗಿತ್ತಾ?"

ಕಟ್ಟೆಯ ಮೇಲೆ ಒಬ್ಬರಾದರೂ ತಲೆ ಎತ್ತಲಿ! ಮೂಲೆಯಲ್ಲಿ ನಿಂತಿದ್ದ ಚಿಕ್ಕರಾಜುವಿನ ಮುಖ ಕೆಂಪಾಯಿತು. "ನಾನೇನು ಸತ್ತೋಗಿದ್ದೀನಾ ಅವ್ವ? ನಾನು ಸಾಕಲ್ವಾ ನಿನ್ನ? ಮಂದೆ ಮಾರಿ ಇನ್ನೊಂದು ಗಾಡಿ ತಗಂಡ್ರೆ ಮನೆಗೇ ಅಲ್ವಾ ಒಳ್ಳೇದು?"

"ಕುರಿ ಬೇಕಾ? ನಿಂಗೂ ಪಾಲಿಗೆ ಕೊಡ್ತೀನಿ ಬಾರ್ಲಾ. ಮೇಯ್ಸು, ಅರ್ಧ ಮರಿ ತಗ. ಮಾರಂಗಿಲ್ಲ."

"ಹೆತ್ತ ಮಗನಿಗೆ ಪಾಲಿಗಾ?" ಎಂದು ಅವನು ಟವೆಲ್ ಒದರಿ ಹೊರಟು ಹೋದ. ಮಂದೆಯನ್ನು ಮಗನಿಗೇ ಒಪ್ಪಿಸಬೇಕು, ಇಲ್ಲದಿದ್ದರೆ ಹಟ್ಟಿಯವರು ಯಾರೂ ಆ ಮನೆಯ ಒಳ್ಳೇದು ಕೆಟ್ಟದ್ದಕ್ಕೆ ಬರುವುದಿಲ್ಲ ಎಂದು ಕಾಟಯ್ಯ ತೀರ್ಪು ಕೊಟ್ಟರು. ನಾಡಿದ್ದು ಈಕೆ ಸತ್ತರೆ ಹೆಣ ಎತ್ತಲೂ ಬರುವುದಿಲ್ಲ ಎಂದು ಅದರರ್ಥ. ಅರ್ಧ ಶತಮಾನ ದುಡಿದವಳಿಗೆ ಇವರು ಹೊದಿಸಿದ ಶಾಲು ಇದು. ತನ್ನ ದುಡಿಮೆಯನ್ನು ತನ್ನ ಮುಪ್ಪಿಗೆ ಇಟ್ಟುಕೊಳ್ಳುವುದು ಮಗನಿಗೆ ಮಾಡುವ ಅವಮಾನವಂತೆ! ಪೇಟೆಯಲ್ಲಿ ಕೂತು ಇದನ್ನು ಓದುತ್ತಿರುವವರೂ ಸುಮ್ಮನೆ ತಲೆಯಾಡಿಸಬೇಡಿ. ನಿಮ್ಮ ಮನೆಯ ಅಮ್ಮನ ಹೆಸರಲ್ಲಿ ಏನಿದೆ, ಒಮ್ಮೆ ಕೇಳಿಕೊಳ್ಳಿ. ಮಗ ಇದ್ದಾನಲ್ಲ ಎಂಬ ಉತ್ತರ ಅಲ್ಲಿಯೂ ಸಿದ್ಧವಾಗಿರುತ್ತದೆ.

ಬೆಳಕು ಬಲಿತಿದೆ. ಉಳಿದ ಕುರಿಗಳನ್ನು ಪಾಲಿಗೆ ಒಯ್ಯಲು ಬಲಸಮುದ್ರದ ರಂಗೇಶ್ ಗೂಡ್ಸ್ ಗಾಡಿಯೊಂದಿಗೆ ಬಂದಿದ್ದಾನೆ. ಅವನ ಊರ ಸುತ್ತ ಸೋಲಾರ್ ಪ್ಲೇಟುಗಳು, ಅವುಗಳ ಬೇಲಿಯಾಚೆಯ ಬೀಳುಗಳಲ್ಲಿ ಅವನ ಮಂದೆ ಮೇಯುತ್ತದೆ. ಪಂಚಾಯ್ತಿಯ ಸುದ್ದಿ ಅವನಿಗೂ ಮುಟ್ಟಿದೆ, ಆದರೂ ಬಂದಿದ್ದಾನೆ.

"ಏಂ ಪರವಾ ಲೇದಮ್ಮ, ನಮ್ಮ ಗೊರ್ರೆಲ ಜತೇಲೇ ಮೇಯ್ತವೆ. ಹಬ್ಬಕ್ಕೆ ಬಂದು ನಿಮ್ಮ ಪಾಲು ಒಪ್ಪಿಸಿ ಹೋಗ್ತೀನಿ" ಎಂದು ಪಾವಗಡದ ತೆಲುಗು ಬೆರೆಸಿ ಹೇಳುತ್ತಾನೆ, ಗೊರ್ರೆ ಎಂದರೆ ಕುರಿ.

ಹಟ್ಟಿಯಿಂದ ಒಬ್ಬರೂ ಕೈಜೋಡಿಸಲು ಬರುವುದಿಲ್ಲ. ರಂಗೇಶ್ ಹತ್ತಿಸುತ್ತಾನೆ, ಕೂತಲ್ಲಿಂದಲೇ ಕ್ಯಾತಮ್ಮ ಒಂದೊಂದು ಕುರಿಯ ಬೆನ್ನು ಸವರಿ ಕಳಿಸುತ್ತಾರೆ. ನನಗಿಂತ ಬಲವಾದ ಕುರಿಯನ್ನು ಎಳೆಯಲು ಹೋಗಿ ನಾನು ಹಿಕ್ಕೆಯಲ್ಲಿ ಬಿದ್ದೆ. ಹೊಸದಾಗಿ ಈದ ಕುರಿ ಮತ್ತು ಅದರ ಮರಿ ಮಾತ್ರ ಇಲ್ಲೇ ಉಳಿಯುತ್ತವೆ, ಮರಿ ಬಲಿತ ಮೇಲೆ ಹೋಗುತ್ತವೆ. ಚಿಕ್ಕರಾಜು ತನ್ನ ಆಟೋಗೆ ಒರಗಿ ದೂರದಿಂದ ನೋಡುತ್ತಾ ನಿಂತಿದ್ದಾನೆ. ಗಾಡಿ ತಿರುವು ದಾಟಿದ ಮೇಲೆ ಒಳಗೆ ಹೋಗುತ್ತಾನೆ.

ರೊಪ್ಪ ಬಿಕೋ ಎನ್ನುತ್ತಿದೆ. ಕ್ಯಾತಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ತಡೆಯಲಾರದೆ ಕೇಳಿದೆ: ಅನ್ನವನ್ನಂತೂ ಮಗ ಹಾಕುತ್ತಾನೆ, ಒಂದು ದಿನವೂ ತಪ್ಪಿಸಿಲ್ಲ. ಹೆಣ ಎತ್ತಲ್ಲ ಅಂದರೂ ಇಷ್ಟು ಹಟ ಯಾಕಮ್ಮ?

ನನ್ನ ಕಡೆ ನೋಡದೆ ಹೇಳಲು ಶುರು ಮಾಡುತ್ತಾರೆ.

"ನಮ್ಮನೆಯೋನು ಕಡೇ ವರ್ಷ ಕಾಲು ಬಿದ್ದು ಮನೇಲೇ ಇದ್ದ. ಒಂದಿನ ಉಣ್ತಾ ಕುಂತವ್ನೆ. ಮಗ ಗಾಡಿ ಕೆಟ್ಟು, ಏನೋ ತಲೆಬಿಸೀಲಿ ಬಂದ. 'ಕುಂತು ತಿನ್ನೋದೊಂದು ಚೆನ್ನಾಗಿ ಕಲ್ತವ್ನೆ' ಅಂದ್ಬುಟ್ಟ. ಆಮೇಲೆ ಅವ್ನೇ ನೊಂದ್ಕಂಡ, ಇಲ್ಲ ಅನ್ನಲ್ಲ. ಆದ್ರೆ ನಮ್ಮನೆಯೋನ ಕೈ ತುತ್ತಿನ ಜತೆ ಅಂಗೇ ನಿಂತೋಯ್ತು. ನನ್ನ ಮುಖ ನೋಡ್ದ. ಎದ್ದೋಗ್ತಾನೆ ಅಂತ ನಾನು ಅನ್ಕಂಡೆ. ಎದ್ದು ಎಲ್ಲಿಗೋಗ್ತಾನೆ ಹೇಳು? ತಲೆ ಬಗ್ಗಿಸ್ಕಂಡು ಆ ಮುದ್ದೆ ಪೂರ್ತಿ ಉಂಡ ಕಣಮ್ಮ. ಪೂರ್ತಿ."

ಕ್ಯಾತಮ್ಮ ಎರಡೂ ಕೈ ನೆಲಕ್ಕೆ ಊರಿ, ಬೇಲಿಯ ಗೂಟ ಹಿಡಿದು, ನನ್ನ ಸಹಾಯ ಬೇಡವೆಂದು ತಳ್ಳಿ ನಿಧಾನವಾಗಿ ನಿಲ್ಲುತ್ತಾರೆ.

"ಅನ್ನ ಮಗನೇ ಆಕ್ಲಿ, ಅದ್ಕೆ ಕುರಿ ಯಾಕೆ? ಅಂಥ ಮಾತು ಇನ್ನೊಂದು ಬಂದ್ರೆ, ತಟ್ಟೆ ತಳ್ಳಿ ಎದ್ದೋಗಕ್ಕೆ ಕುರಿ ಮಡಿಕ್ಕಂಡಿವ್ನಿ."