ಲೈನಿನಲ್ಲೊಂದು ಟಿಕ್ ಸದ್ದು

ಶಹಾಪುರದ ಆ ಬೀಜ ಸಂಸ್ಥೆಯ ಆಫೀಸಿನಲ್ಲಿ ಪಂಚಶೀಲಾಳನ್ನು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದರು. ಬಾಗಿಲಲ್ಲಿ ಅವಳು ಕಾಣಿಸಿಕೊಂಡರೆ ಸಾಕು, ಅಲ್ಲಿಯವರೆಗೆ ಹರಟುತ್ತಿದ್ದವರು ಫೈಲಿನೊಳಗೆ ಮುಖ ಹುದುಗಿಸಿ ಕೂರುತ್ತಿದ್ದರು. ಹಾಗೆ ಹೆದರಲು ಅವಳೇನು ಮೇಲಧಿಕಾರಿಯಲ್ಲ. ಹನ್ನೊಂದು ತಿಂಗಳ ಕರಾರಿನ ಮೇಲೆ ಫೋನು ನೋಡಿಕೊಳ್ಳುವ ಹೆಣ್ಣುಮಗಳು, ಅಷ್ಟೇ. ಆದರೆ ಫೋನು ನೋಡಿಕೊಳ್ಳುವವಳು ಎಲ್ಲರ ಫೋನನ್ನೂ ಕದ್ದು ಕೇಳುತ್ತಾಳೆ ಎಂಬ ಮಾತು ಆ ಕಟ್ಟಡದೊಳಗೆ ಹುಟ್ಟಿ ಎಂಟು ತಿಂಗಳಾಗಿತ್ತು. ಇಂಥ ಮಾತಿಗೆ ತಂದೆತಾಯಿ ಯಾರೆಂದು ಯಾರೂ ಕೇಳುವುದಿಲ್ಲ, ಎಲ್ಲರೂ ಸೇರಿ ಸಾಕುತ್ತಾರೆ.

ಪಂಚಶೀಲಾ ದೇವಾಪುರದವಳು. ದಿನಾ ಬೆಳಿಗ್ಗೆ ಎಂಟರ ಬಸ್ಸು ಹಿಡಿದು ಬರುತ್ತಿದ್ದಳು. ಆಫೀಸು ಇದ್ದದ್ದು ನಿಜಾಮರ ಕಾಲದ ಕಲ್ಲಿನ ಕಟ್ಟಡದಲ್ಲಿ. ಗೋಡೆ ಎಷ್ಟು ದಪ್ಪವೆಂದರೆ ಮೊಬೈಲಿನ ಸಿಗ್ನಲ್ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಹೊರಗೆ ಕೂರುತ್ತಿತ್ತು. ಹಾಗಾಗಿ ಈ ಕಾಲದಲ್ಲೂ ಅಲ್ಲಿ ಮೇಜಿಗೊಂದು ತಂತಿಯ ಫೋನು. ಒಟ್ಟು ಇಪ್ಪತ್ನಾಲ್ಕು. ಎಲ್ಲದರ ತಂತಿಯೂ ಅವಳ ಕುರ್ಚಿಯ ಹಿಂದಿನ ಎಕ್ಸ್‌ಚೇಂಜ್ ಡಬ್ಬಿಗೆ ಬಂದು ಸೇರುತ್ತಿತ್ತು. ಸುರಪುರ, ಹುಣಸಗಿ, ಯಾದಗಿರಿಯ ಅಂಗಡಿಗಳಿಂದ ಬಂದ ಕರೆಯನ್ನು ಯಾರ ಮೇಜಿಗೆ ಕಳಿಸಬೇಕು, ರಜೆಯ ಮೇಲೆ ಹೋದವರ ಕರೆ ಯಾರ ಕಡೆ ತಿರುಗಬೇಕು, ಪಕ್ಕದವನ ಫೋನು ಬಡಿದುಕೊಂಡರೆ ಯಾರು ಕೂತಲ್ಲಿಂದಲೇ ಎತ್ತಬಹುದು, ಯಾರಿಗೆ ಹೊರಗಿನ ನಂಬರು ಒತ್ತುವ ಅನುಮತಿ, ಯಾರಿಗಿಲ್ಲ, ಇವೆಲ್ಲ ಅವಳ ಬೆರಳ ತುದಿಯ ಕೆಲಸ. ತನ್ನ ಫೋನಿನಿಂದಲೇ ಗುಟ್ಟಿನ ಅಂಕಿ ಒತ್ತಿ ಡಬ್ಬಿಯೊಳಗೆ ಹೋಗಿ, ಕೂಡಿಸಿ, ತೆಗೆದು, ಹೊರಗೆ ಬಂದು, ಮಾಡಿದ್ದನ್ನೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಈ ಕೆಲಸ ಇಡೀ ಆಫೀಸಿನಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು.

ಸಂಶಯಕ್ಕೆ ಒಂದು ಸದ್ದು ಕಾರಣ. ಮಾತಾಡುತ್ತಿರುವಾಗ ಲೈನಿನಲ್ಲಿ ಒಮ್ಮೊಮ್ಮೆ ಟಿಕ್ ಎನ್ನುತ್ತಿತ್ತು. ಆಮೇಲೆ ದನಿ ತುಸು ಇಳಿದು, ಬಾವಿಯ ಬಾಯಲ್ಲಿ ನಿಂತು ಮಾತಾಡಿದಂತೆ ಆಗುತ್ತಿತ್ತು. ಮೊದಲು ಯಾರೂ ಗಮನ ಕೊಡಲಿಲ್ಲ. ಮಾರಾಟ ವಿಭಾಗದ ಪ್ರವೀಣಕುಮಾರ ಯಾದಗಿರಿಯ ಇನ್ನೊಂದು ಸಂಸ್ಥೆಯಲ್ಲಿ ಕೆಲಸ ಕೇಳಿದ್ದು ಮ್ಯಾನೇಜರ್ ದೇವಿಂದ್ರ ಸಾಹೇಬರಿಗೆ ಗೊತ್ತಾಗಿ, ಅವನನ್ನು ಕರೆಸಿ ಛೀಮಾರಿ ಹಾಕಿದರಲ್ಲ, ಅಂದಿನಿಂದ ಟಿಕ್ ಸದ್ದಿಗೆ ಅರ್ಥ ಬಂತು. ಆ ಮಾತು ತಾನು ಆಡಿದ್ದು ಆಫೀಸಿನ ಫೋನಿನಲ್ಲಿ ಮಾತ್ರ ಎಂದು ಪ್ರವೀಣಕುಮಾರ ಎದೆ ತಟ್ಟಿಕೊಂಡು ಹೇಳಿದ. ಆಮೇಲೆ ಯಾರ ಯಾವ ಗುಟ್ಟು ಹೊರಬಿದ್ದರೂ, ಅದು ಅವರವರ ಬಾಯಿಂದಲೇ ಪಾನ್ ಅಂಗಡಿಯ ಮುಂದೆ ಬಿದ್ದಿದ್ದರೂ, ಹೊರೆ ಪಂಚಶೀಲಾಳ ತಲೆಗೆ. ಕೆಲವರು ಫೋನೆತ್ತಿದ ಕೂಡಲೇ ಅವಳ ಹೆಸರು ಹಿಡಿದು ನಮಸ್ಕಾರ ಹೇಳಿ ಮಾತು ಶುರುಮಾಡುತ್ತಿದ್ದರು. ಕೇಳುವವಳು ಕೇಳಲಿ ಎಂಬ ಕುಹಕ. ಅವಳಿಗೆ ಮೈ ಉರಿಯುತ್ತಿತ್ತು.

ಉರಿದು ಉರಿದು ಅವಳೂ ಅವರಂತೆಯೇ ಆದಳು. ತಾನು ಕೇಳುತ್ತಿಲ್ಲವೆಂಬುದು ಅವಳಿಗೆ ಗೊತ್ತು. ಸದ್ದು ಬರುತ್ತಿರುವುದೂ ಸುಳ್ಳಲ್ಲ. ಅಂದರೆ ಕೇಳುವವರು ಬೇರೆ ಯಾರೋ ಇದ್ದಾರೆ. ಪ್ರವೀಣಕುಮಾರನೇ ಇರಬೇಕು, ಅದಕ್ಕೇ ಅಷ್ಟು ಕೂಗಾಡುತ್ತಾನೆ ಎಂದು ಒಂದು ದಿನ. ಸಾಹೇಬರೇ ಇರಬೇಕು ಎಂದು ಮರುದಿನ. ನೋಟ್‌ಬುಕ್ಕನ್ನು ಬೀಗ ಹಾಕಿ ಇಡತೊಡಗಿದಳು. ಗುಟ್ಟಿನ ಅಂಕಿಯನ್ನು ವಾರಕ್ಕೊಮ್ಮೆ ಬದಲಿಸಿದಳು. ಇವಳು ಅಂಕಿ ಬದಲಿಸುವುದನ್ನು ಕಂಡವರಿಗೆ ಸಂಶಯ ಮತ್ತಷ್ಟು ಗಟ್ಟಿಯಾಯಿತು.

ಮಾರ್ಚ್ ತಿಂಗಳಲ್ಲಿ ಅವಳ ಕರಾರು ಮುಗಿಯುತ್ತಿತ್ತು. ಮುಂದುವರಿಸುವ ಕಾಗದ ಸಾಹೇಬರ ಮೇಜಿನ ಮೇಲಿತ್ತು, ಸಹಿ ಬಿದ್ದಿರಲಿಲ್ಲ. ಶನಿವಾರದೊಳಗೆ ಈ ಗೋಳು ಬಗೆಹರಿಯದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಸಾಹೇಬರು ಸೋಮವಾರ ಎಲ್ಲರೆದುರೇ ಹೇಳಿದರು. ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಬಹುದು. ಕದ್ದು ಕೇಳುವವಳು ಎಂಬ ಹೆಸರು ಹೊತ್ತು ಹೋದರೆ ಶಹಾಪುರದಲ್ಲೂ ಕೆಲಸವಿಲ್ಲ, ಸುರಪುರದಲ್ಲೂ ಇಲ್ಲ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾಹೇಬರು ತಮ್ಮ ರೂಮಿನಿಂದ ಅವಳ ಮೇಜಿಗೆ ಫೋನು ಮಾಡಿದರು. ದನಿ ಮೆತ್ತಗಿತ್ತು. ನೀನಲ್ಲವೆಂದರೆ ಮತ್ತೆ ಯಾರು, ಒಂದು ಹೆಸರು ಹೇಳು ಎಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಲೈನಿನಲ್ಲಿ ಟಿಕ್ ಎಂದಿತು. ಪಂಚಶೀಲಾಳಿಗೆ ಹೋದ ಜೀವ ಬಂದಂತಾಗಿ, ನಾನಿಲ್ಲಿ ನಿಮ್ಮ ಜೊತೆಗೇ ಮಾತಾಡುತ್ತಿದ್ದೇನಲ್ಲ ಸರ್, ಈಗಲಾದರೂ ನಂಬಿ ಎಂದಳು.

ಸಾಹೇಬರು ನಂಬುವ ಕುಳವಲ್ಲ.

"ಡಬ್ಬಿ ಇರೂದು ನಿನ್ನ ಕೈಯಾಗ," ಎಂದರು. "ನೀ ಕೇಳದಿದ್ರ, ಮತ್ತ್ಯಾರಿಗೋ ಕೇಳಾಕ ಹಚ್ಚಿ ಕೊಟ್ಟಿ. ಯಾರಿಗಂತ ಹೇಳು."

ಅವಳ ನಾಲಿಗೆಯ ಮೇಲೆ ಪ್ರವೀಣಕುಮಾರನ ಹೆಸರಿತ್ತು. ಆದರೆ ಅವನು ಕಾಯಂ ನೌಕರ, ಬೆನ್ನಿಗೆ ನಾಲ್ಕು ಜನ ಇದ್ದವನು. ಹೇಳಿದರೆ ಸಂಜೆಯೊಳಗೆ ತಿರುಗಿ ಬೀಳುತ್ತಿದ್ದ. ತಿರುಗಿ ಬೀಳದವರ ಹೆಸರು ಬೇಕಿತ್ತು. ಚಹಾ ಮಾಡುವ ಲಾಲಮ್ಮ ಎಲ್ಲ ರೂಮಿಗೂ ಹೋಗಿಬರುತ್ತಾಳೆ ಸರ್, ಅವಳ ಮೇಲೆ ನನಗೆ ಸಂಶಯ ಎಂದುಬಿಟ್ಟಳು. ಹೇಳಿದ ಮೇಲೆ ತನ್ನ ದನಿ ತನಗೇ ಪರಕೀಯವೆನಿಸಿತು. ಸಾಹೇಬರು ಹ್ಞೂಂ ಎಂದು ಫೋನಿಟ್ಟರು. ಅವಳು ಎದ್ದು ಮಾರಾಟ ವಿಭಾಗಕ್ಕೆ ಇಣುಕಿದಳು. ಪ್ರವೀಣಕುಮಾರ ರಿಸೀವರ್ ಕಿವಿಗಿಟ್ಟುಕೊಂಡೇ ಕೂತಿದ್ದ. ಇವನೇ, ಸಂಶಯವೇ ಇಲ್ಲ ಎಂದುಕೊಂಡಳು.

ಲಾಲಮ್ಮನೆಂದರೆ ಇಪ್ಪತ್ತು ವರ್ಷದಿಂದ ಆ ಆಫೀಸಿನ ಚಹಾ ಕೆಲಸ ಮಾಡಿಕೊಂಡಿದ್ದವಳು. ನಿವೃತ್ತಿಗೆ ಎರಡು ವರ್ಷವಿತ್ತು. ಮೊಣಕಾಲು ನೋವು. ಪ್ರತಿ ರೂಮಿಗೂ ಹೋಗಿ ಎಷ್ಟು ಕಪ್ಪು ಬೇಕೆಂದು ಕೇಳಿ, ಬಂದು ಮಾಡಿ, ಮತ್ತೆ ಹೊತ್ತುಕೊಂಡು ಹೋಗುವುದು ಕಷ್ಟವೆಂದು ಕಳೆದ ಜೂನಿನಲ್ಲಿ ಅವಳ ಚಹಾದ ಕೋಣೆಗೂ ಒಂದು ಫೋನು ಕೊಡಿಸಿದ್ದು ಪಂಚಶೀಲಾಳೇ. ಅದೇನು ದೊಡ್ಡ ಖಟಪಟಿಯಾಗಲಿಲ್ಲ. ವಾಸ್ತು ಸರಿಯಿಲ್ಲವೆಂದು ಸಾಹೇಬರು ಆಗಷ್ಟೇ ತಮ್ಮ ರೂಮನ್ನು ಈಶಾನ್ಯದ ಮೂಲೆಗೆ ಎತ್ತಿಕೊಂಡು ಹೋಗಿದ್ದರು. ಹಳೆಯ ರೂಮಿನಲ್ಲಿ ಸ್ಟೋವು, ಸಿಂಕು ಬಂದವು. ಗೋಡೆಯಲ್ಲಿ ಸಾಕೆಟ್ಟು ಇದ್ದೇ ಇತ್ತು. ಪಂಚಶೀಲಾ ಸಾಹೇಬರ ನಂಬರನ್ನು ಹೊಸ ರೂಮಿನ ಸಾಕೆಟ್ಟಿಗೆ ಕೊಟ್ಟು, ಹಳೆಯದಕ್ಕೆ ಹೊಸ ನಂಬರು ಹಾಕಿ, ಹೊರಗಿನ ಕರೆ ಬಂದ್ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

ಶುಕ್ರವಾರ ಅವಳು ಕೊನೆಯ ಪ್ರಯತ್ನಕ್ಕೆ ಕೂತಳು. ಇಷ್ಟು ದಿನ ನೋಟ್‌ಬುಕ್ಕನ್ನು ನಂಬಿದ್ದಳು. ಅಂದು ಅದನ್ನು ಪಕ್ಕಕ್ಕಿಟ್ಟು, ಡಬ್ಬಿಯೊಳಗೆ ನಿಜವಾಗಿ ಏನಿದೆಯೆಂದು ಒಂದೊಂದೇ ಸಾಕೆಟ್ಟಿನ ಲೆಕ್ಕ ತೆಗೆದು ನೋಡಿದಳು. ಎಂಟನೆಯ ಸಾಕೆಟ್ಟಿನವರೆಗೆ ಎಲ್ಲ ಸರಿಯಿತ್ತು. ಒಂಬತ್ತರಲ್ಲಿ ಅವಳು ಬರೆಯದ ಒಂದು ಸಂಗತಿ ಇತ್ತು. ಆ ಸಾಕೆಟ್ಟಿನಿಂದ ಒತ್ತಿದ ನಂಬರು ಬ್ಯುಸಿ ಇದ್ದರೂ, ಡಬ್ಬಿ ತಡೆಯದೆ ಮಾತಿನ ನಡುವೆ ಒಳಗೆ ಬಿಡುತ್ತಿತ್ತು. ಬಿಡುವಾಗ ಮಾತಾಡುವವರಿಗೆ ಒಂದು ಟಿಕ್ ಕೇಳಿಸುತ್ತಿತ್ತು, ಅಷ್ಟೇ. ಯಾವುದೋ ಕಾಲದ ಮ್ಯಾನೇಜರು ಡಬ್ಬಿ ಕೂಡಿಸಲು ಬಂದವನಿಂದ ಗುಟ್ಟಾಗಿ ಮಾಡಿಸಿಕೊಂಡಿದ್ದ ಸೌಲಭ್ಯ. ಆ ಪುಣ್ಯಾತ್ಮ ಹೋಗಿ ವರ್ಷಗಳಾಗಿದ್ದವು. ಹೆಚ್ಚಾಗಿ ಜನರನ್ನು ರೂಮಿಗೆ ಕರೆಸಿಯೇ ಮಾತಾಡುವ ದೇವಿಂದ್ರ ಸಾಹೇಬರಿಗೆ ಅದರ ಸುಳಿವು ಸಿಕ್ಕಿರಲಿಲ್ಲ. ಜೂನಿನಲ್ಲಿ ನಂಬರು ಹೊಸ ರೂಮಿಗೆ ಹೋಯಿತೇ ಹೊರತು, ಸೌಲಭ್ಯ ಗೋಡೆಯ ಸಾಕೆಟ್ಟಿನಲ್ಲೇ ಉಳಿಯಿತು.

ಒಂಬತ್ತನೆಯ ಸಾಕೆಟ್ಟು ಎಲ್ಲಿದೆಯೆಂದು ಅವಳು ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಕಾಲುಗಳೇ ಚಹಾದ ಕೋಣೆಗೆ ಎಳೆದುಕೊಂಡು ಹೋದವು.

ಲಾಲಮ್ಮ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಕಿವಿಗೆ ರಿಸೀವರ್. ಮಾತಾಡುವ ತುದಿಯನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿದ್ದಳು. ತುಟಿ ಪಿಟಕ್ಕೆನ್ನದೆ ನಿಂತ ಆ ಪರಿ ಕಂಡು ಪಂಚಶೀಲಾಳ ನೆತ್ತರು ಕುದಿಯಿತು. ಎಂಟು ತಿಂಗಳು ತಾನು ಉಂಡ ಅವಮಾನವೆಲ್ಲ ಈ ಮುದುಕಿಯ ಕಿವಿಯೊಳಗೆ ಕೂತಿತ್ತೇ ಎಂದು ಹಲ್ಲು ಕಚ್ಚಿದಳು. ಎರಡು ನಿಮಿಷ ಕಳೆಯಿತು. ಲಾಲಮ್ಮ ರಿಸೀವರ್ ಇಟ್ಟಳು, ಮತ್ತೆ ಎತ್ತಿದಳು, ಅದೇ ನಂಬರು ಒತ್ತಿದಳು. ಆಮೇಲೆ ಗಟ್ಟಿ ದನಿಯಲ್ಲಿ, ಪ್ರವೀಣಪ್ಪಾ, ನಿಮ್ಮ ಕಡೆ ಎಷ್ಟು ಕಪ್ಪು ಕಳಿಸಲಿ ಎಂದು ಕೇಳಿದಳು.

ಇಷ್ಟು ಹೊತ್ತು ಏನು ಕೇಳುತ್ತಿದ್ದೆ ಎಂದು ಪಂಚಶೀಲಾ ಗದರಿದಳು. ಲಾಲಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಅವ್ರು ಮಾತಾಡಾಕತ್ತಿದ್ರವ್ವ. ಮುಗೀಲಿ ಅಂತ ನಿಂತಿದ್ದೆ. ದೊಡ್ಡವರ ಮಾತಿನ ನಡುವ ನಾ ಹ್ಯಾಂಗ ಬಾಯಿ ಹಾಕ್ಲಿ?"

ಮುಚ್ಚಿಕೊಂಡಿದ್ದು ಯಾಕೆ ಎಂದರೆ, ಸ್ಟೋವಿನ ಸದ್ದು ಅವರ ಮಾತಿಗೆ ಅಡ್ಡಿಯಾಗಬಾರದಲ್ಲ ಎಂದಳು. ಮನೆಯಲ್ಲಿ ಅವಳಿಗೆ ಇಂಥ ಫೋನಿರಲಿಲ್ಲ. ಯಾರಾದರೂ ಮಾತಾಡುತ್ತಿದ್ದರೆ ಆ ಮಾತು ಕೇಳಿಸುವುದು, ಮುಗಿಯುವವರೆಗೆ ಕಾಯುವುದು, ಆಫೀಸಿನ ಫೋನಿನ ರಿವಾಜೇ ಹೀಗೆ ಎಂದು ತಿಳಿದಿದ್ದಳು. ಬಾಗಿಲಲ್ಲಿ ಟ್ರೇ ಹಿಡಿದು ನಿಂತಾಗಲೂ ಇಪ್ಪತ್ತು ವರ್ಷ ಹಾಗೇ ಕಾದವಳು ಅವಳು. ಎಂದಿನಿಂದ ಹೀಗೆ ಎಂದರೆ, ನೀನು ಫೋನು ಕೊಟ್ಟ ದಿನದಿಂದ ಎಂದಳು.

ಪಂಚಶೀಲಾಳ ಸಿಟ್ಟು ನಿಂತ ಜಾಗದಲ್ಲೇ ಇಳಿಯಿತು. ಇಳಿದ ಬೆನ್ನಿಗೆ ಇನ್ನೊಂದು ನೆನಪು ಬಂತು. ಮಂಗಳವಾರ ಹನ್ನೊಂದಕ್ಕೆ ಸಾಹೇಬರ ರೂಮಿಗೆ ಫೋನು ಮಾಡಿದ್ದೆಯಾ ಎಂದು ತಡವರಿಸುತ್ತ ಕೇಳಿದಳು. ಮಾಡಿದ್ದೆ ಎಂದು ಲಾಲಮ್ಮ ಚಹಾ ಸೋಸಲು ತಿರುಗಿದಳು.

ಅಂದು ಸಂಜೆಯೇ ಪಂಚಶೀಲಾ ಆ ಸೌಲಭ್ಯ ತೆಗೆದುಹಾಕಿದಳು. ಶನಿವಾರ ಬೆಳಿಗ್ಗೆ ಸಾಹೇಬರೆದುರು ನಿಂತು ಸಾಕೆಟ್ಟಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಸಾಕೆಟ್ಟು ಯಾವ ಕೋಣೆಯದು ಎಂದು ಅವರು ಕೇಳಿದರು. ಹೇಳದೆ ವಿಧಿಯಿರಲಿಲ್ಲ, ಹೇಳಿದಳು. ಸಾಹೇಬರ ಮುಖ ಅರಳಿತು. ಕರಾರಿನ ಕಾಗದವನ್ನು ಮುಂದಕ್ಕೆಳೆದು ಪೆನ್ನು ಬಿಚ್ಚಿದರು. "ಅಂದ್ರ ನೀ ಮಂಗಳವಾರ ಹೇಳಿದ್ದು ಖರೇನ ಆತಲ್ಲ. ಆ ಮುದುಕೀನ ಇವತ್ತ ಮನಿಗೆ ಕಳಸ್ತೀನಿ."

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಸಹಿ ಬೀಳುತ್ತಿತ್ತು, ಹೆಸರು ತೊಳೆದುಹೋಗುತ್ತಿತ್ತು, ಕಳ್ಳಿಯನ್ನು ಹಿಡಿದುಕೊಟ್ಟವಳೆಂಬ ಹೊಗಳಿಕೆಯೂ ಸಿಗುತ್ತಿತ್ತು. ಪೆನ್ನಿನ ತುದಿ ಕಾಗದಕ್ಕೆ ತಾಗುವುದನ್ನೇ ಅವಳು ನೋಡುತ್ತಿದ್ದಳು.

"ಖರೆ ಅಲ್ರಿ ಸರ್," ಎಂದಳು. "ನಾ ಅವತ್ತು ಏನೂ ಗೊತ್ತಿಲ್ಲದ ಹೇಳಿದ್ದು. ನಾ ಉಳೀಬೇಕಂತ ಅಕಿ ಹೆಸರು ಹೇಳಿದೆ. ಅಕಿ ಚಾ ಕೇಳಾಕ ಫೋನ್ ಮಾಡ್ಯಾಳ, ನಿಮ್ಮ ಮಾತು ಮುಗೀಲಿ ಅಂತ ಕಾದಾಳ. ಒಂದು ಮಾತೂ ಹೊರಗ ಒಯ್ದಿಲ್ಲ."

ಸಾಹೇಬರು ಕಾಗದದಿಂದ ಪೆನ್ನೆತ್ತಿದರು. ಎಂಟು ತಿಂಗಳು ಎಲ್ಲರ ಮಾತು ಕೇಳಿದವಳು ಒಂದನ್ನೂ ಯಾರಿಗೂ ಹೇಳಿಲ್ಲವೆಂದರೆ ಯಾರು ನಂಬುತ್ತಾರೆ, ನಿನಗಾದರೂ ಅದು ಹೇಗೆ ಗೊತ್ತು ಎಂದು ಕೇಳಿದರು.

"ಮಂಗಳವಾರ ನಾ ಅಕಿ ಹೆಸರು ಹೇಳಿದಾಗ ಲೈನಿನ್ಯಾಗ ಅಕೀನ ಇದ್ಲರಿ. ಬುಧವಾರ ನನಗ ಚಾ ತಂದ್ಕೊಟ್ಲು, ಗುರುವಾರ ಕೊಟ್ಲು. ನಿಮಗೂ ಕೊಟ್ಲು. ಯಾರ ಮುಂದೂ ಅಂದಿಲ್ರಿ. ನನ್ನ ಮುಂದೂ ಅಂದಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. ಸಾಕೆಟ್ಟು ಹಾಗಿದ್ದದ್ದು ಯಾವ ತಿಂಗಳಿಂದ ಎಂದು ಮೆಲ್ಲಗೆ ಕೇಳಿದರು. ಜೂನಿನಿಂದ ಎಂದಳು. ಜೂನಿನಿಂದ ತಾವು ಆಡಿದ್ದನ್ನೆಲ್ಲ ಲೆಕ್ಕ ಹಾಕುವಂತೆ ಅವರ ಮುಖ ಒಂದು ಸಲ ಕೆಂಪಾಯಿತು, ಒಂದು ಸಲ ಬಿಳಿಚಿಕೊಂಡಿತು. ಕೊನೆಗೆ, ಪ್ರವೀಣಕುಮಾರನ ವಿಷಯ ತಮಗೆ ತಿಳಿಸಿದ್ದು ಆ ಯಾದಗಿರಿ ಸಂಸ್ಥೆಯ ಮಾಲೀಕನೇ, ಯಾರೂ ಫೋನು ಕೇಳಿ ಹೇಳಿದ್ದಲ್ಲ ಎಂದು ಒಪ್ಪಿಕೊಂಡರು. ಇದನ್ನು ಎಂಟು ತಿಂಗಳ ಹಿಂದೆಯೇ ಹೇಳಬಹುದಿತ್ತಲ್ಲ ಎಂದು ಅವಳ ಬಾಯಿಗೆ ಬಂದಿತ್ತು. ನುಂಗಿಕೊಂಡಳು. ಸಾಹೇಬರು ಸಹಿ ಮಾಡಿದರು. ಲಾಲಮ್ಮನ ವಿಷಯ ಈ ರೂಮಿನಿಂದಾಚೆ ಹೋಗಬಾರದು, ಅವಳ ಕೆಲಸ ಅವಳು ಮಾಡಿಕೊಂಡಿರಲಿ ಎಂದರು.

ಪಂಚಶೀಲಾ ನೆಟ್ಟಗೆ ಚಹಾದ ಕೋಣೆಗೆ ಹೋದಳು. ಲಾಲಮ್ಮ ಕಪ್ಪು ತೊಳೆಯುತ್ತಿದ್ದಳು.

"ಅತ್ತಿ, ಮಂಗಳವಾರ ನಾ ನಿನ್ನ ಹೆಸರು ಹೇಳಿದ್ದೆ."

"ಕೇಳೀನಲ್ಲ," ಎಂದಳು ಲಾಲಮ್ಮ, ತಿರುಗದೆ.

"ಮತ್ತ ನನಗ ಒಂದ್ ಮಾತೂ ಯಾಕ ಅನಲಿಲ್ಲ?"

ಲಾಲಮ್ಮ ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಇವಳ ಮುಖ ನೋಡಿದಳು.

"ಹೆಸರು ಹೇಳುಮುಂದ ನಿನ್ನ ದನಿ ನಡುಗಾಕತ್ತಿತ್ತವ್ವ. ಅದೂ ಕೇಳಿಸ್ತು ನನಗ."