ಯಾವ ಬಾಳಿ?

ಪಕ್ಕದ ಮನೆಯ ಕಾಕಾರ ಬಲಗೈ ಹೆಬ್ಬೆರಳು ಸದಾ ಕಪ್ಪು. ಆನೆಗೊಂದಿಯ ತೋಟಗಳಲ್ಲಿ ನಲವತ್ತು ವರ್ಷ ಬಾಳೆಗೊನೆ ಕೊಂಡು ಮಾರಿದವರು. ಸೊನೆಯ ಕಲೆ ಯಾವ ಸಾಬೂನಿಗೂ ಬಗ್ಗಲಿಲ್ಲ. ಕಾಕಾ ತಾವೂ ಯಾರಿಗೂ ಬಗ್ಗಿದವರಲ್ಲ.

ಹಬ್ಬಕ್ಕೆ ಒಂದು ಡಜನ್ ಬಾಳೆಹಣ್ಣು ಕೇಳಿದರೆ ಪಾಠ ಶುರು. “ಯಾವ ಬಾಳಿ? ಸುಗಂಧಿಯೋ, ಏಲಕ್ಕಿಯೋ, ರಾಜಾಪುರಿಯೋ? ನಿನ್ನ ‘ಏ ಮನಷಾ’ ಅಂತ ಕರದ್ರ ತಿರುಗಿ ನೋಡ್ತೀಯೇನು?” ಇವರ ಸಹವಾಸವೇ ಸಾಕೆಂದು ಎಷ್ಟೋ ಸಲ ಪೇರಲಹಣ್ಣು ಕೊಂಡು ಮನೆಗೆ ಹೋಗಿದ್ದೇನೆ.

ಹೋದ ವರ್ಷ ಫಿಟ್ಸ್ ಬಂದು ಬಿದ್ದರು. ಹುಬ್ಬಳ್ಳಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ಗಡ್ಡೆ, ಅದೂ ಮಾತಿನ ಜಾಗದಲ್ಲೇ. “ಮತ್ತ ಇವರು ದಿನಪೂರ್ತಿ ಮಾತಾಡ್ತಾರಲ್ರಿ?” ಎಂದೆ. ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದೆ, ಅಷ್ಟರಲ್ಲಿ ಮಾತಿನ ಕೆಲಸವನ್ನು ಅಕ್ಕಪಕ್ಕದ ಭಾಗಗಳು ವಹಿಸಿಕೊಂಡಿರಬೇಕು ಎಂದರು ಡಾಕ್ಟರು. ಚಿತ್ರ ನೋಡಿ ಹೆಸರು ಸರಿಯಾಗಿ ಹೇಳಿದರೆ ಧೈರ್ಯವಾಗಿ ತೆಗೆಯಬಹುದು; ಹೆಸರು ಸಿಗದಿದ್ದರೆ ಗಡ್ಡೆ ಮುಟ್ಟುವುದೇ ಕಷ್ಟ.

ಬೀಗ, ಛತ್ರಿ, ಎತ್ತು ಎಲ್ಲ ಸರಿಯಾಯಿತು. ಬಾಳೆಹಣ್ಣಿನ ಚಿತ್ರ ಬಂತು. ಕಾಕಾ ಸುಮ್ಮನಾದರು. ಪರೀಕ್ಷೆ ಮಾಡುವ ಹುಡುಗಿ ಮತ್ತೊಮ್ಮೆ ತೋರಿಸಿದಳು. ಆಕೆ ಹಾಳೆಯ ಮೇಲೆ ತಪ್ಪಿನ ಗುರುತು ಹಾಕಿದಳು. ನಾನು ನಡುವೆ ಬಾಯಿ ಹಾಕಿದೆ.

“ಕಾಕಾ, ಬಾಳಿಹಣ್ಣು ಅನ್ರಿ!”

“ಬಣ್ಣ ಇಲ್ಲ, ವಾಸನಿ ಇಲ್ಲ, ಬರೇ ಗೆರಿ. ಯಾವ ಬಾಳಿ ಅಂತ ಹೇಳ್ಲಿ? ಸುಳ್ಳ ಹೇಳಂತೀಯೇನು?”

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಜೀವದ ಪ್ರಶ್ನೆ ಬಂದಾಗಲೂ ತಳಿ ಬೇಕೇ ಈ ಮನುಷ್ಯನಿಗೆ! ಹುಡುಗಿ ನಕ್ಕು ಗುರುತು ಅಳಿಸಿದಳು.

ಆಪರೇಷನ್ ಆಯಿತು, ಗಡ್ಡೆ ಬಹುಪಾಲು ಹೋಯಿತು. ಮಾತು ಕೆಲವು ದಿನ ಕೈಕೊಡಬಹುದು, ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ ಎಂದಿದ್ದರು. ಒಂಬತ್ತನೆಯ ದಿನ ಸುಗಂಧಿ ತಂದು ಅವರ ಕೈಯಲ್ಲಿಟ್ಟೆ. ಕಪ್ಪು ಹೆಬ್ಬೆರಳಿನಿಂದ ಸಿಪ್ಪೆ ಸವರಿದರು. ಹೆಸರಿಗಾಗಿ ಬಹಳ ಹೊತ್ತು ತಡಕಾಡಿದರು.

“ಬಾಳಿ,” ಎಂದರು.

ಮಾತು ಬಂತೆಂದು ಕಾಕಿ ದೇವರಿಗೆ ಕೈಮುಗಿದರು. ಬರೇ ‘ಬಾಳಿ’ ಎಂದ ಕಾಕಾರನ್ನು ನೋಡಲಾರದೆ ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ದಿನಾ ಸಂಜೆ ಒಂದೊಂದು ಹಣ್ಣು ಹಿಡಿದು ಹೋಗಿ ನಾನೇ “ಯಾವ ಬಾಳಿ, ಕಾಕಾ?” ಎಂದು ಪೀಡಿಸಿದೆ. ಬೈಯಬೇಕೆಂದರೂ ಅವರಿಗೆ ಬೈಗುಳ ಸಿಗುತ್ತಿರಲಿಲ್ಲ. ಹೀಗೇ ನಾಲ್ಕು ತಿಂಗಳು. ಒಂದು ಸಂಜೆ ಗಂಗಾವತಿಯ ಅಂಗಡಿಯವನು ಏಲಕ್ಕಿ ಎಂದು ಕೊಟ್ಟಿದ್ದನ್ನು ಅವರ ಕೈಗಿಟ್ಟೆ. ಮೂಸಿ ನೋಡಿ ನನಗೇ ವಾಪಸು ಕೊಟ್ಟರು.

“ಸುಗಂಧಿ. ನಿನಗ... ಟೋಪಿ ಹಾಕ್ಯಾನ.”

ಆ ಮೋಸಗಾರನ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.