ಶೇರವಾನಿಯ ಪಾಳಿ

ಆಗೆಲ್ಲ ನಮ್ಮ ಆಳಂದಕ್ಕೆ ಇಂಗ್ಲಿಷು ಉರ್ದುವಿನ ಹೆಗಲ ಮೇಲೆ ಕೂತು ಬರುತ್ತಿತ್ತು. ನಿಜಾಮರ ಕಾಲ. ಸಾಲೆಯಲ್ಲಿ ಓದುವುದು ಉರ್ದು, ಮನೆಯಲ್ಲಿ ಆಡುವುದು ಕನ್ನಡ, ಇವೆರಡೂ ಸಾಲದು ಎಂಬಂತೆ ಮೇಲೊಂದು ಇಂಗ್ಲಿಷು. ನನ್ನ ಓರಗೆಯವರು ಯಾರಾದರೂ ಉಳಿದಿದ್ದರೆ ಅವರಿಗೆ ನೆನಪಿರಬೇಕು. ನನಗಂತೂ ಈಗ ನೆನೆಯುವುದೂ ದಣಿವಿನ ಕೆಲಸ. ಆದರೂ ಒಂದು ಚಳಿಗಾಲ ಬೆನ್ನು ಬಿಡುವುದಿಲ್ಲ.

ಇಂಗ್ಲಿಷು ಕಲಿಸುತ್ತಿದ್ದ ಮಾಸ್ತರ ಸಾಹೇಬರು ಹೈದರಾಬಾದಿನ ಕಡೆಯವರು. ಒಂಟಿ ಮನುಷ್ಯ, ಕನ್ನಡ ಅಷ್ಟಕ್ಕಷ್ಟೆ. ಊರಿನ ತೊಗರಿ ಸಾಹುಕಾರರ ಮನೆಯ ಹಿಂದಿನ ಖೋಲಿಯಲ್ಲಿ ಇರುತ್ತಿದ್ದರು. ಇಂಗ್ಲಿಷಿನ ಮಾತುಗಳಿಗೆ ಬಾಲ ಬದಲಾದರೆ ಅರ್ಥವೇ ಬದಲಾಗುತ್ತದೆ, ಅದು ಬಾಯಿಪಾಠದಿಂದ ಬರುವುದಿಲ್ಲ, ಮೈಗೆ ಹತ್ತಬೇಕು ಎಂಬುದು ಅವರ ಹಟ. ಹಾಗಾಗಿ ಹಣತೆ ಹಚ್ಚಿ, ನಮ್ಮಿಂದ ಊದಿ ಆರಿಸಿ ‘ಪುಟ್ ಔಟ್’ ಕಲಿಸಿದರು. ಬಳಪ ಬಚ್ಚಿಟ್ಟು, ಹುಡುಕಲು ಹಚ್ಚಿ ‘ಲುಕ್ ಫಾರ್’ ಕಲಿಸಿದರು. ‘ಪುಟ್ ಆನ್’ ಮತ್ತು ‘ಟೇಕ್ ಆಫ್’ ಕಲಿಸಲು ತಮ್ಮ ಮೈಮೇಲಿನ ಕರಿ ಶೇರವಾನಿಯನ್ನೇ ಬಿಚ್ಚಿ ಕೊಟ್ಟರು.

ದಿನಕ್ಕೆ ಇಬ್ಬರ ಪಾಳಿ. ಹುಡುಗ ಎದ್ದು ಮುಂದೆ ಹೋಗಬೇಕು, ಶೇರವಾನಿ ತೊಟ್ಟು ‘ಪುಟ್ ಆನ್’ ಅನ್ನಬೇಕು, ಬಿಚ್ಚಿ ‘ಟೇಕ್ ಆಫ್’ ಅನ್ನಬೇಕು. ಗಿಡ್ಡ ಹುಡುಗರು ತೊಟ್ಟರೆ ಅದು ನೆಲ ಗುಡಿಸುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ತೋಳು ಜಾಡಿಸಿದಾಗಲೆಲ್ಲ ಅತ್ತರಿನ ವಾಸನೆ ಬಾಗಿಲ ತನಕ ಬರುತ್ತಿತ್ತು.

ಬಾಗಿಲ ತನಕ ಎಂದೆನಲ್ಲ, ನನ್ನ ಜಾಗ ಅಲ್ಲೇ. ಊರ ಹೊರಗಿನ ಕೇರಿಯಿಂದ ಆ ಸಾಲೆಗೆ ಬರುತ್ತಿದ್ದವನು ನಾನೊಬ್ಬನೇ. ನಮ್ಮನ್ನು ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲ. ಚಿಣಿಪಣಿ ಆಡುವಾಗ ಚಿಣಿ ದೂರ ಬಿದ್ದರೆ ತರಲು ನಾನು ಬೇಕು, ಆದರೆ ಕೈಗೆ ಕೊಡುವಂತಿಲ್ಲ, ನೆಲಕ್ಕೆ ಎಸೆಯಬೇಕು. ಅಂಥದರಲ್ಲಿ ಮಾಸ್ತರರು ಮೊದಲ ದಿನವೇ ಬೆರಳು ಮಾಡಿ ಪಾಳಿ ಹೇಳುತ್ತ ಬಂದು, ಕೊನೆಗೆ ಬೆರಳನ್ನು ನನ್ನ ಕಡೆಗೂ ತಿರುಗಿಸಿ, “ಔರ್ ತುಮ್” ಅಂದಿದ್ದರು. ನಾನೂ ಶೇರವಾನಿ ತೊಡುತ್ತೇನೆ! ಆ ದಿನಗಳಲ್ಲಿ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಸಾಲೆಯಲ್ಲಿ ಕಲಿತದ್ದನ್ನೆಲ್ಲ ಅವ್ವನಿಗೆ ಒಪ್ಪಿಸುತ್ತಿದ್ದೆ. ಜೋರು ಮಳೆಗೆ ಇಂಗ್ಲಿಷಿನವರು ನಾಯಿ ಬೆಕ್ಕು ಸುರಿದವು ಅನ್ನುತ್ತಾರೆ ಎಂದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಿದ್ದಳು. “ನಮ್ಮಲ್ಲಿ ನೀರೇ ಬೀಳವಲ್ದು, ಅವರಿಗಿ ನಾಯಿ ಬೆಕ್ಕು ಬೀಳ್ತಾವಂತ! ಪುಣ್ಯಾ ಮಾಡ್ಯಾರ ಬಿಡು.” ಶೇರವಾನಿಯ ಸುದ್ದಿಗೆ ಮಾತ್ರ ನಗಲಿಲ್ಲ. “ಖರೇನೇನ್ಲೇ? ನಿನಗೂ ಕೊಡ್ತಾರಂತ?” ಎಂದು ಎರಡೆರಡು ಸಲ ಕೇಳಿದಳು.

ಪಾಳಿ ಹತ್ತಿರ ಬಂದ ಹಾಗೆ ಅವಳ ಸಡಗರ ಏರಿತು. ತೊಗರಿ ಕೊಯ್ಲಿನ ದಿನಗಳು. ಹೊಲದಿಂದ ಬಂದವಳೇ ನನ್ನ ಇದ್ದೊಂದು ಅಂಗಿಯನ್ನು ಒಗೆದು ಒಲೆಯ ಮುಂದೆ ಒಣಹಾಕುತ್ತಿದ್ದಳು. ಮುಂಜಾನೆ ಕರಿಮಣ್ಣು ಹಚ್ಚಿ ತಲೆ ತಿಕ್ಕುತ್ತಿದ್ದಳು. ಕೈ ತುಂಬ ತೊಗರಿ ಕಟ್ಟಿಗೆ ಗೀರಿದ ಗಾಯ, ಮೇಲೆ ತಣ್ಣೀರು. “ದೊಡ್ಡವರ ಅರಬಿಗಿ ನಮ್ಮ ಹೊಲಸು ಹತ್ತಬಾರ್ದಪ್ಪ” ಎನ್ನುತ್ತಿದ್ದಳು.

ನನ್ನ ಪಾಳಿಯ ಹಿಂದಿನ ದಿನ ಸಾಹುಕಾರರು ಸಾಲೆಗೆ ಬಂದರು. ಅವರ ಮಗನೂ ನಮ್ಮ ವರ್ಗದವನೇ, ಎಲ್ಲ ಹೇಳಿದ್ದಿರಬೇಕು. ಮಾಸ್ತರರನ್ನು ಹೊರಗೆ ಕರೆದು ಮಾತಾಡಿದರು. ಬಾಗಿಲ ಬಳಿಯಿದ್ದ ನನಗೆಲ್ಲ ಕೇಳಿಸಿತು.

“ಸಾಬ್ರ, ವಿದ್ಯಾ ಕಲಸ್ರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಆ ಪೋರ ತೊಟ್ಟಿದ್ದು ನೀವು ತೊಟ್ಕೊಂಡು, ಸಂಜಿಗಿ ಬಂದು ನಮ್ಮ ಗಾದಿ ಮ್ಯಾಲ ಕುಂದರ್ತೀರಿ. ನಾಕು ಮಂದಿ ಏನಂದಾರು? ಖೋಲಿನೂ ನಮ್ಮ ಮನ್ಯಾಗೇ ಅದ.”

ಮಾಸ್ತರರು ಒಳಗೆ ಬಂದು ಹಲಗೆಯ ಕಡೆಗೆ ಮುಖ ಮಾಡಿ ನಿಂತರು.

ಮರುದಿನ ಅವ್ವ ಒಗೆದ ಅಂಗಿ ತೊಟ್ಟು ಎದ್ದು ನಿಂತೆ. “ಆಜ್ ನಕ್ಕೋ. ಕಲ್” ಎಂದರು. ನಾಳೆ ಅಂತೆ. ಮರುದಿನವೂ ನಾಳೆಯೇ. ಮನೆಗೆ ಹೋದರೆ ಅವ್ವ ದಾರಿ ಕಾಯುತ್ತಿದ್ದಳು. “ಇವತ್ತರ ಹಾಕ್ಕೊಂಡಿಯೇನ್ಲೇ?”

“ನಾಳಿಗಂತ, ಯವ್ವಾ.”

ಮತ್ತೆ ಅಂಗಿ ಒಗೆತ. ಹೀಗೇ ಎಷ್ಟೋ ದಿನ ನಡೆಯಿತು. ಆ ನಡುವೆ ಮಾಸ್ತರರು ಹೊಸ ಪಾಠಕ್ಕೆ ಬಂದರು. ‘ಪುಟ್ ಆಫ್’: ಇವತ್ತಿನ ಕೆಲಸವನ್ನು ನಾಳೆಗೆ ಹಾಕುವುದು. ಅರ್ಥ ಹೇಳುತ್ತ ಹೇಳುತ್ತ ಅವರ ಕಣ್ಣು ಬಾಗಿಲ ಕಡೆ ಬಂತು, ನನ್ನನ್ನು ನೋಡಿ ಕೆಳಗಾಯಿತು. ಆ ದಿನ ಅವರು ಯಾರನ್ನೂ ಎಬ್ಬಿಸಲಿಲ್ಲ, ಏನನ್ನೂ ಆಡಿಸಿ ತೋರಿಸಲಿಲ್ಲ.

ಆವತ್ತು ಮನೆಗೆ ಬಂದಾಗ ಅವ್ವ ಅಂಗಿ ತೋಯಿಸಲು ನೀರು ತೆಗೆದಿಟ್ಟಿದ್ದಳು. ಅವಳ ಕೈ ನೋಡಿದೆ. ಕೇಳುವ ಮೊದಲೇ ಹೇಳಿಬಿಟ್ಟೆ, “ಹಾಕ್ಕೊಂಡೆ, ಯವ್ವಾ.”

“ಖರೇ? ಹ್ಯಾಂಗಿತ್ತೋ?”

“ಒಜ್ಜಿ ಇತ್ತು, ಹೆಗಲ ಜಗ್ಗತಿತ್ತು. ಒಳಗ ರೇಶ್ಮಿ ಅಸ್ತರ. ಮೈಗಿ ಬೆಚ್ಚಗ ಆತು.”

ಅವಳು ನನ್ನ ಭುಜವನ್ನು ಮೂಸಿ ನೋಡಿದಳು. “ಹೌದಲೇ, ಅತ್ತರ ವಾಸ್ನಿ ಬರಾಕತ್ತದ” ಅಂದಳು. ಆವತ್ತು ಅವಳು ಅಂಗಿ ಒಗೆಯಲಿಲ್ಲ. ಅಷ್ಟಾದರೂ ಆಯಿತು.

ಬೇಸಿಗೆಗೆ ಮಾಸ್ತರರಿಗೆ ವರ್ಗವಾಯಿತು. ಹೋಗುವ ದಿನ ಎಲ್ಲರೂ ಮನೆಗೆ ಹೋದ ಮೇಲೆ ನನ್ನನ್ನು ಕರೆದು ಶೇರವಾನಿ ಬಿಚ್ಚಿ ಹಿಡಿದರು. “ಲೇ ಬೇಟಾ. ಹಾಕ್ಕೊ” ಎಂದರು. ಖಾಲಿ ವರ್ಗ. ನೋಡಲು ಒಂದು ನರಪಿಳ್ಳೆಯೂ ಇಲ್ಲ. ಕೈ ಚಾಚಿದರೆ ಸಿಗುತ್ತಿತ್ತು. ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಳಗೆ ಅಸ್ತರ ಹತ್ತಿಯದು, ರೇಷ್ಮೆಯದಲ್ಲ.

“ಬ್ಯಾಡ್ರಿ ಸಾಬ್. ನನಗ ಪಾಠ ತಿಳದದ” ಎಂದೆ.

ಅವರು ಶೇರವಾನಿಯನ್ನು ತೊಡಲಿಲ್ಲ. ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಆ ಬಿಸಿಲಿನಲ್ಲಿ ಬರೀ ಅಂಗಿಯಲ್ಲಿ ನಡೆದು ಹೋದರು. ಅವರ ಮೇಲೆ ನನಗೆ ಆಗ ಸಿಟ್ಟಿತ್ತು. ಈಗ ಅದೂ ಉಳಿದಿಲ್ಲ.

ಅದೇ ಇಂಗ್ಲಿಷಿನಿಂದ ನನಗೆ ಮುಂದೆ ನೌಕರಿ ಸಿಕ್ಕಿತು. ಬಡ್ತಿಗೆ ನನ್ನ ಪಾಳಿ ಬಂದಾಗಲೆಲ್ಲ ಕಚೇರಿಯವರು ‘ನಾಳೆ’ ಅಂದರು. ನಿವೃತ್ತಿಯ ತನಕ ಅದೇ ಪಾಠ. ಕೇಳಿ ಕೇಳಿ ಸಾಕಾಯಿತು.

ಅವ್ವ ಮಾತ್ರ ಸಾಯುವ ತನಕ ಕೇರಿಯವರಿಗೆಲ್ಲ ಹೇಳುತ್ತಿದ್ದಳು, ಒಜ್ಜಿ ಇತ್ತಂತ, ಒಳಗ ರೇಶ್ಮಿ ಅಸ್ತರ ಇತ್ತಂತ. ನಾನು ಒಂದು ಸಲವೂ ತಿದ್ದಲಿಲ್ಲ. ಈಗ ನನ್ನ ಕಪಾಟಿನಲ್ಲಿ ಕೋಟುಗಳು ಬೇಕಾದಷ್ಟಿವೆ, ನಿಜವಾದ ರೇಷ್ಮೆ ಅಸ್ತರದವೂ ಇವೆ. ತೊಟ್ಟು ಹೊರಗೆ ಹೋಗಿ ಸಂಜೆಗೆ ಬರುತ್ತೇನೆ. ಹೆಗಲು ಮೂಸಿ ನೋಡುವವರು ಯಾರೂ ಇಲ್ಲ.